ಬಾರದವರ ಬಲ

ಹಿರಿಯರು: ಅಮೆರಿಕಾ ದೇಶದಲ್ಲಿ ಒಂದೇ ಹೆಸರಿನ ವ್ಯಾಯಾಮಶಾಲೆಗೆ ನಾನೂರು ಶಾಖೆಗಳು, ಎರಡು ಸಾವಿರ ಶಾಖೆಗಳು ಇರುತ್ತವೆಯೆಂದು ಕೇಳಿದ್ದೇನೆ. ಗರಡಿಯ ಕೆಮ್ಮಣ್ಣಿನಲ್ಲಿ ಮೈ ಬೆಳೆಸಿದ ನನಗೆ, ಒಬ್ಬ ಉಸ್ತಾದರ ಕಣ್ಣೆದುರಿನಲ್ಲಿ ಇಪ್ಪತ್ತೋ ಮೂವತ್ತೋ ಮಂದಿ ಸಾಮು ಮಾಡುವುದಕ್ಕಿಂತ ದೊಡ್ಡದಾದ ವ್ಯವಸ್ಥೆಯನ್ನು ಊಹಿಸಿಕೊಳ್ಳುವುದೇ ಕಷ್ಟ. ತಾವು ಷಿಕಾಗೊ ನಗರದಲ್ಲಿ ಬಹುಕಾಲ ಲೆಕ್ಕಪತ್ರಗಳ ನಡುವೆ ಇದ್ದು ಬಂದವರು. ಈ ಬಗೆಯ ವಿಸ್ತಾರವು ಯಾವ ಬಲದಿಂದ ಆಯಿತೆಂಬುದನ್ನು ತಮ್ಮಿಂದ ತಿಳಿಯಬೇಕೆಂದಿದ್ದೇನೆ.

ಲೆಕ್ಕಿಗರು: ಹೇಳುತ್ತೇನೆ. ಆದರೆ ಮೊದಲೇ ಒಂದು ಮಾತು. ಆ ವಿಸ್ತಾರಕ್ಕೆ ಬಲವನ್ನು ಕೊಟ್ಟವರು ಅಲ್ಲಿಗೆ ಬಂದು ಬೆವರಿದವರಲ್ಲ, ಹಣವನ್ನು ಕಟ್ಟಿ ಬಾರದೆ ಉಳಿದವರು ಎಂಬುದು ನನ್ನ ಅಭಿಪ್ರಾಯ. ಇದನ್ನು ಕೇಳಿದೊಡನೆ ನಂಬುವುದು ಕಷ್ಟವಾದುದರಿಂದ ಮೊದಲಿನಿಂದ ಬರುತ್ತೇನೆ.

ಹಿರಿಯರು: ಆಗಲಿ, ಮೊದಲಿನಿಂದಲೇ ಬನ್ನಿ.

ಲೆಕ್ಕಿಗರು: 1936ರಲ್ಲಿ ಜ್ಯಾಕ್ ಲಲೇನ್ ಎಂಬ ತರುಣನು ಕ್ಯಾಲಿಫೋರ್ನಿಯಾ ಪ್ರಾಂತದ ಓಕ್‌ಲ್ಯಾಂಡ್ ಪಟ್ಟಣದಲ್ಲಿ ಒಂದು ವ್ಯಾಯಾಮಶಾಲೆಯನ್ನು ತೆರೆದನು. ಭಾರವೆತ್ತಿದವರಿಗೆ ಹೃದಯಾಘಾತವಾಗುವುದು, ಹೆಂಗಸರು ಗಂಡಸರಂತಾಗಿಬಿಡುವರು ಎಂದು ಆ ಕಾಲದ ವೈದ್ಯರೇ ಜನರನ್ನು ಹೆದರಿಸುತ್ತಿದ್ದರೆಂಬುದನ್ನು ಆತನು ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದನು. 1951ರಿಂದ ಆತನು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ಅಡುಗೆಮನೆಯ ಕುರ್ಚಿಯೊಂದನ್ನೇ ಸಾಧನವಾಗಿಟ್ಟುಕೊಂಡು, ಮನೆಯಲ್ಲಿ ಕುಳಿತ ಗೃಹಿಣಿಯರಿಗೆ ಅಂಗಸಾಧನೆಯನ್ನು ಕಲಿಸಿದನು. ಆ ಕಾರ್ಯಕ್ರಮವು ಮೂವತ್ತು ವರ್ಷಗಳಿಗೂ ಮೀರಿ ನಡೆಯಿತು. ಲಲೇನ್ ತಾನು ಹೇಳಿದ್ದನ್ನು ತಾನೇ ಆಚರಿಸಿದವನು. 96 ವರ್ಷ ಬದುಕಿ 2011ರಲ್ಲಿ ತೀರಿಕೊಂಡನು. ಆತನನ್ನು ನಾನು ಗೌರವದಿಂದಲೇ ನೆನೆಯುತ್ತೇನೆ.

ಹಿರಿಯರು: ಅಂದರೆ ಅಲ್ಲಿಯೂ ಮೊದಲಿಗೆ ಒಬ್ಬ ಗುರುವೇ ಇದ್ದನು. ನಮ್ಮ ಬೆಂಗಳೂರಿನ ಕೆ. ವಿ. ಅಯ್ಯರ್ ಅವರ ನೆನಪಾಗುತ್ತದೆ. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದವರೆಂದು ಕನ್ನಡಿಗರು ಅವರನ್ನು ಬಲ್ಲರು. ಆದರೆ ಅವರ ಹರ್ಕ್ಯುಲಿಸ್ ಜಿಮ್ನೇಷಿಯಂ ಅಂದಿನ ತರುಣರಿಗೆ ಒಂದು ತೀರ್ಥಸ್ಥಾನದಂತಿತ್ತು. ಅವರು ಅಂಚೆಯ ಮೂಲಕವೂ ವ್ಯಾಯಾಮದ ಪಾಠಗಳನ್ನು ಕಳುಹಿಸಿ, ತಾವು ಕಣ್ಣಿಂದ ಕಾಣದ ದೂರದ ಊರುಗಳಲ್ಲಿಯೂ ಶಿಷ್ಯರನ್ನು ಪಡೆದರು. ಅದೂ ಒಂದು ವಿಸ್ತಾರವೇ ಅಲ್ಲವೆ? ಆದರೆ ಅಲ್ಲಿ ಪಾಠದ ಹಿಂದೆ ಅದನ್ನು ಬರೆದ ಒಬ್ಬ ಮನುಷ್ಯನಿದ್ದನು, ಅವನ ಹೊಣೆಯಿತ್ತು.

ಲೆಕ್ಕಿಗರು: ತಾವು ಹೇಳಿದ ಆ ಹೊಣೆಯು ಕಳಚಿದುದು ಎಲ್ಲಿ ಎಂಬುದೇ ಈ ಕಥೆಯ ಸಾರ. ವಿಕ್ ಟ್ಯಾನಿ ಎಂಬಾತನು 1940ರ ಸುಮಾರಿಗೆ ಸಾಂಟಾ ಮೋನಿಕದ ಸಮುದ್ರತೀರದ ಬಳಿ ವ್ಯಾಯಾಮಶಾಲೆಯನ್ನು ನಡೆಸತೊಡಗಿ, ಎರಡು ದಶಕಗಳೊಳಗೆ ಅದನ್ನು ದೇಶದ ದೊಡ್ಡ ನಗರಗಳಿಗೆಲ್ಲ ಹರಡಿದನು. ಬೆವರಿನ ವಾಸನೆಯ ನೆಲಮಾಳಿಗೆಗಳಿಗೆ ಬದಲಾಗಿ ಹೊಳೆಯುವ ಲೋಹದ ಸಾಧನಗಳು, ನಿಲುಗನ್ನಡಿಗಳು, ನೆಲಕ್ಕೆ ರತ್ನಗಂಬಳಿ, ಗೋಡೆಗಳಿಗೆ ಮೆದುವಾದ ಬಣ್ಣ, ಹೆಂಗಸರಿಗೂ ಸ್ವಾಗತ. ಇವೆಲ್ಲ ಆತನ ಕಲ್ಪನೆಗಳು. ಅದರ ಜೊತೆಗೆ ಮತ್ತೊಂದನ್ನೂ ಆತನು ತಂದನು. ಬರುವವರಿಂದ ದಿನದಿನದ ಶುಲ್ಕವನ್ನು ಪಡೆಯದೆ, ದೀರ್ಘಕಾಲದ ಒಪ್ಪಂದಪತ್ರಕ್ಕೆ ಸಹಿ ಹಾಕಿಸಿಕೊಂಡು ಕಂತುಗಳಲ್ಲಿ ಹಣವನ್ನು ಕಟ್ಟಿಸಿಕೊಳ್ಳುವ ಪದ್ಧತಿ ಅದು. ಇನ್ನೂ ಕೈಗೆ ಬಾರದ ಕಂತುಗಳ ಬಲದ ಮೇಲೆ ಹೊಸ ಶಾಖೆ, ಆ ಶಾಖೆಗೆ ಹೊಸ ಸಹಿಗಳು, ಆ ಸಹಿಗಳ ಬಲದ ಮೇಲೆ ಇನ್ನೊಂದು ಶಾಖೆ. 1960ರ ದಶಕದ ಮೊದಲ ವರ್ಷಗಳಲ್ಲಿ ಈ ಕಟ್ಟಡವು ಕುಸಿಯಿತು. ಹಣವನ್ನು ಮುಂದಾಗಿ ಕಟ್ಟಿದ್ದವರ ಎದುರು ಬಾಗಿಲುಗಳು ಮುಚ್ಚಿದವು. ಕ್ಯಾಲಿಫೋರ್ನಿಯಾ ಶಾಸನಸಭೆಯು 1961ರಲ್ಲಿಯೇ ಇಂಥ ಒಪ್ಪಂದಗಳನ್ನು ನಿಯಂತ್ರಿಸುವ ಕಾನೂನನ್ನು ಮಾಡಿತೆಂಬುದನ್ನು ನೋಡಿದರೆ ತೊಂದರೆಯು ಎಷ್ಟು ಬೇಗ ಕಾಣಿಸಿಕೊಂಡಿತೆಂಬುದು ತಿಳಿಯುತ್ತದೆ. ತರುವಾಯ ಇತರ ಪ್ರಾಂತಗಳೂ ಆ ದಾರಿಯನ್ನು ಹಿಡಿದವು. ನ್ಯೂಯಾರ್ಕಿನಲ್ಲಿ ಇಂದಿಗೂ ವ್ಯಾಯಾಮಶಾಲೆಯ ಒಪ್ಪಂದವು 36 ತಿಂಗಳುಗಳನ್ನು ಮೀರಕೂಡದು. ಸಹಿ ಹಾಕಿದ ಮೂರು ದಿನಗಳೊಳಗೆ ಸದಸ್ಯನು ಅದನ್ನು ರದ್ದುಮಾಡಬಹುದು.

ಹಿರಿಯರು: ಒಂದು ಸಂದೇಹ. ಅಷ್ಟು ಶಾಖೆಗಳಿಗೆ ಕಲಿಸುವವರು ಎಲ್ಲಿಂದ ದೊರೆತರು? ಒಬ್ಬ ಉಸ್ತಾದನು ಸಿದ್ಧನಾಗಬೇಕಾದರೆ ಹತ್ತು ಹದಿನೈದು ವರ್ಷಗಳು ಹಿಡಿಯುತ್ತವೆ. ಯಾವ ಹುಡುಗನ ಮೊಣಕಾಲು ಯಾವ ಕಡೆಗೆ ವಾಲುತ್ತದೆ, ಯಾರಿಗೆ ನೂರು ದಂಡ ಸಾಕು, ಯಾರಿಗೆ ಬಸ್ಕಿ ಹೊಡೆಸಬಾರದು ಎಂಬುದೆಲ್ಲ ಪುಸ್ತಕದಿಂದ ಬರತಕ್ಕದ್ದಲ್ಲ.

ಲೆಕ್ಕಿಗರು: ದೊರೆಯಲಿಲ್ಲ, ಅದಕ್ಕಾಗಿಯೇ ಯಂತ್ರಗಳು ಬಂದವು. 1970ರಲ್ಲಿ ಆರ್ಥರ್ ಜೋನ್ಸ್ ಎಂಬಾತನು ನಾಟಿಲಸ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದನು. ಶಂಖದಂತೆ ಸುರುಳಿಗೊಂಡ ಒಂದು ಚಕ್ರದ ಮೂಲಕ ಭಾರವು ಚಲಿಸುವಾಗ, ಕೀಲು ಮಡಿಚಿದಂತೆಲ್ಲ ಸ್ನಾಯುವಿನ ಶಕ್ತಿಯಲ್ಲಾಗುವ ಹೆಚ್ಚುಕಡಿಮೆಗಳಿಗೆ ಅನುಗುಣವಾಗಿ ಪ್ರತಿರೋಧವೂ ಬದಲಾಗುವಂತೆ ಅದನ್ನು ರಚಿಸಿದ್ದನು. ಅದು ನಿಜವಾಗಿ ಒಳ್ಳೆಯ ಕಲ್ಪನೆ. ಆದರೆ ಅದರ ವ್ಯಾಪಾರಿಕ ಪರಿಣಾಮವು ಬೇರೆಯಾಯಿತು. ಯಂತ್ರದ ಪೀಠವೇ ಮನುಷ್ಯನನ್ನು ಸರಿಯಾದ ಭಂಗಿಯಲ್ಲಿ ಕೂರಿಸಿ, ಅದರ ತೋಳುಗಳೇ ಚಲನೆಯ ದಾರಿಯನ್ನು ನಿಶ್ಚಯಿಸುವುದರಿಂದ, ಉಸ್ತಾದನಿಲ್ಲದೆಯೂ ಶಾಲೆಯು ನಡೆಯಬಹುದಾಯಿತು. ಗುರುವನ್ನು ಸಾವಿರ ಕಡೆ ಏಕಕಾಲದಲ್ಲಿ ನೆಲೆಗೊಳಿಸಲಾಗದು. ಯಂತ್ರವನ್ನು ಲಾರಿಯಲ್ಲಿ ಹೇರಿ ಎಲ್ಲಿಗಾದರೂ ಕಳುಹಿಸಬಹುದು. ಮುಂದಿನ ಬಾಗಿಲಿನಲ್ಲಿ ಸದಸ್ಯತ್ವವನ್ನು ಮಾರುವ ಚುರುಕಾದ ಹುಡುಗರು, ಒಳಗೆ ಯಂತ್ರಗಳ ಸಾಲು. ರಾಷ್ಟ್ರವ್ಯಾಪಿ ಸಂಸ್ಥೆಗೆ ಬೇಕಾದ ಅಚ್ಚು ಸಿದ್ಧವಾಯಿತು.

ಹಿರಿಯರು: ಆ ಅಚ್ಚಿನಿಂದ ಎದ್ದ ಅತಿ ದೊಡ್ಡ ಸಂಸ್ಥೆ ಯಾವುದು?

ಲೆಕ್ಕಿಗರು: ಒಂದು ಕಾಲಕ್ಕೆ ಬ್ಯಾಲಿ. ಅದರ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯಿರಲಿ, ಏಕೆಂದರೆ ಉಳಿದ ಸಂಸ್ಥೆಗಳ ಸ್ವಭಾವವು ಅದರಲ್ಲಿ ಅಡಕವಾಗಿದೆ. ಡಾನಹ್ಯೂ ವೈಲ್ಡ್‌ಮನ್ ಎಂಬ ಉದ್ಯಮಿಯು 1962ರಲ್ಲಿ ಷಿಕಾಗೊದಲ್ಲಿ ಆರಂಭಿಸಿದ ಸಂಸ್ಥೆಯೊಂದು, ಬೇರೆಬೇರೆ ನಗರಗಳ ಶಾಲೆಗಳನ್ನು ಒಂದೊಂದಾಗಿ ಕೊಳ್ಳುತ್ತ, ಲಲೇನ್ ಮತ್ತು ಟ್ಯಾನಿಯವರ ಹೆಸರುಗಳನ್ನೂ ಕೆಲವೆಡೆ ಬಳಸಿಕೊಳ್ಳುತ್ತ, ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲೇ ದೊಡ್ಡದಾಯಿತು. 1983ರಲ್ಲಿ ಅದನ್ನು ಬ್ಯಾಲಿ ಎಂಬ ಕಂಪೆನಿಯು ಕೊಂಡಿತು. ಈ ಕಂಪೆನಿಯ ಮೂಲ ಕಸುಬು ಪಿನ್‌ಬಾಲ್ ಆಟದ ಪೆಟ್ಟಿಗೆಗಳನ್ನೂ ಜೂಜಿನ ಯಂತ್ರಗಳನ್ನೂ ತಯಾರಿಸುವುದು.

ಹಿರಿಯರು: ಜೂಜಿನ ಯಂತ್ರ ಮಾಡುವವರಿಗೆ ದೇಹಾರೋಗ್ಯದಲ್ಲೇನು ಆಸಕ್ತಿ?

ಲೆಕ್ಕಿಗರು: ಹಣದ ನಿಶ್ಚಿತವಾದ ಹರಿವಿನಲ್ಲಿ ಆಸಕ್ತಿ. 1996ರಲ್ಲಿ ವ್ಯಾಯಾಮಶಾಲೆಗಳ ಭಾಗವು ಬೇರ್ಪಟ್ಟು, ಬ್ಯಾಲಿ ಟೋಟಲ್ ಫಿಟ್‌ನೆಸ್ ಎಂಬ ಒಂದೇ ಹೆಸರಿನಲ್ಲಿ ಸ್ವತಂತ್ರ ಕಂಪೆನಿಯಾಗಿ, ಮುಂದೆ ಸುಮಾರು 400 ಶಾಖೆಗಳಿಗೂ ಸುಮಾರು 35 ಲಕ್ಷ ಸದಸ್ಯರಿಗೂ ಬೆಳೆಯಿತು. ಇಲ್ಲಿಯ ಕ್ರಮವನ್ನು ಗಮನಿಸಬೇಕು. ಹೊಸ ಸದಸ್ಯನು ಪ್ರವೇಶಧನವೆಂದು ದೊಡ್ಡ ಮೊತ್ತವೊಂದನ್ನು ಒಪ್ಪಿಕೊಳ್ಳುತ್ತಾನೆ. ಕೈಯಲ್ಲಿ ಹಣವಿಲ್ಲವಾದರೆ ಸಂಸ್ಥೆಯೇ ಅದನ್ನು ಸಾಲವೆಂದು ಬರೆದುಕೊಂಡು, ಬಡ್ಡಿಸಹಿತವಾಗಿ ಮೂರು ವರ್ಷಗಳ ಕಂತುಗಳಲ್ಲಿ ವಸೂಲು ಮಾಡುತ್ತದೆ. ಹೀಗೆ ಲಕ್ಷಾಂತರ ಜನರ ಬಾಕಿಯನ್ನು ಒಟ್ಟುಗೂಡಿಸಿ, ಅದನ್ನೇ ಆಧಾರವಾಗಿಟ್ಟು ಹಣದ ಪೇಟೆಯಲ್ಲಿ ಮತ್ತೆ ಸಾಲವನ್ನೆತ್ತಿ, ಆ ಸಾಲದಿಂದ ಹೊಸ ಶಾಖೆಗಳನ್ನು ತೆರೆಯುತ್ತಾರೆ. ಹೊರಗಿನಿಂದ ವ್ಯಾಯಾಮಶಾಲೆಯಾಗಿ ಕಾಣುವುದು ಒಳಗೆ ಒಂದು ಲೇವಾದೇವಿಯ ಕೋಠಿ. ಮೂರು ವರ್ಷಗಳಲ್ಲಿ ಬರಬೇಕಾದ ಹಣವನ್ನು ಬಂದಾಯಿತೆಂದು ಬೇಗನೆ ಬರೆದುಕೊಂಡರೆ ಲಾಭವು ದೊಡ್ಡದಾಗಿ ಕಾಣುತ್ತದೆ. ಅಲ್ಲಿ ನಡೆದುದು ಅದೇ. ಬ್ಯಾಲಿಯು 2001ರ ಕೊನೆಗೆ ತನ್ನ ಪಾಲುದಾರರ ಬಂಡವಾಳವನ್ನು ಸುಮಾರು 34 ಕೋಟಿ ಡಾಲರುಗಳಷ್ಟು ಹೆಚ್ಚಾಗಿ ತೋರಿಸಿತ್ತೆಂದು ಅಮೆರಿಕಾ ಸರ್ಕಾರದ ಷೇರುಪೇಟೆಯ ನಿಯಂತ್ರಣ ಆಯೋಗವು 2008ರಲ್ಲಿ ಆರೋಪಪತ್ರವನ್ನು ಸಲ್ಲಿಸಿತು. 2007ರಲ್ಲಿ ಒಮ್ಮೆ, 2008ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಆ ಕಂಪೆನಿಯು ದಿವಾಳಿಯ ನ್ಯಾಯಾಲಯವನ್ನು ಹೊಕ್ಕಿತು. 2011ರಲ್ಲಿ ಅದರ 171 ಶಾಖೆಗಳು 15.3 ಕೋಟಿ ಡಾಲರುಗಳಿಗೆ ಎಲ್‌ಎ ಫಿಟ್‌ನೆಸ್ ಎಂಬ ಮತ್ತೊಂದು ಸಂಸ್ಥೆಯ ಪಾಲಾದವು. ಉಳಿದವು ಚೂರುಚೂರಾಗಿ ಕೈ ಬದಲಾಯಿಸಿದವು.

ಅಧ್ಯಾಪಿಕೆ: ಇಷ್ಟು ಹೊತ್ತು ನಾನು ಮೌನವಾಗಿ ಕೇಳಿದೆ. ತಮ್ಮಿಬ್ಬರ ಮಾತಿನಲ್ಲಿ ಒಂದು ಅಂಶವು ಬಿಟ್ಟುಹೋಗುತ್ತಿದೆ. ಲೆಕ್ಕಪತ್ರದಲ್ಲಿ ವಂಚನೆ ನಡೆಯಿತೆಂಬುದರಿಂದ ಆ ಶಾಲೆಗಳು ಮಾಡಿದ ಉಪಕಾರವು ಇಲ್ಲವಾಗುವುದಿಲ್ಲ. ಹಿರಿಯರ ಗರಡಿಯೊಳಕ್ಕೆ ನನ್ನ ತಾಯಿಗೆ ಪ್ರವೇಶವಿತ್ತೆ? ನನಗೆ ಇತ್ತೆ?

ಹಿರಿಯರು: ಇರಲಿಲ್ಲ.

ಅಧ್ಯಾಪಿಕೆ: ಊರಿನ ಅರ್ಧದಷ್ಟು ಜನಕ್ಕೆ ಬಾಗಿಲನ್ನು ಮುಚ್ಚಿದ್ದ ಸಂಸ್ಥೆಯನ್ನು ಎದುರಿಗಿಟ್ಟುಕೊಂಡು ಮತ್ತೊಂದನ್ನು ಅಳೆಯುವಾಗ ಈ ಕೊರತೆಯನ್ನೂ ತಕ್ಕಡಿಗೆ ಹಾಕಬೇಕು. ಅಮೆರಿಕಾದಲ್ಲಿ ಕರ್ವ್ಸ್ ಎಂಬ ಸಂಸ್ಥೆಯಿತ್ತು. 1992ರಲ್ಲಿ ಟೆಕ್ಸಸ್ ಪ್ರಾಂತದ ಹಾರ್ಲಿಂಜನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಹೆಂಗಸರಿಗಾಗಿಯೇ ಮೀಸಲಾಗಿ, ಹತ್ತು ಹದಿನೈದು ವರ್ಷಗಳಲ್ಲಿ ಪ್ರಪಂಚದಾದ್ಯಂತ ಸುಮಾರು 10,000 ಕಡೆ ನೆಲೆಯೂರಿತು. ಕನ್ನಡಿಗಳಿಲ್ಲದ ಒಂದು ಪುಟ್ಟ ಕೊಠಡಿ. ವೃತ್ತಾಕಾರವಾಗಿ ಜೋಡಿಸಿದ ಸಾಧನಗಳು. ಅರ್ಧ ನಿಮಿಷಕ್ಕೊಮ್ಮೆ ಮುಂದಿನ ಸಾಧನಕ್ಕೆ ಸರಿಯುತ್ತ, ಅರ್ಧ ಗಂಟೆಯಲ್ಲಿ ಮುಗಿಯುವ ಸಾಧನೆ. ಸುತ್ತಲೂ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದುದರಿಂದ ಮಾತು ತಾನಾಗಿಯೇ ಹುಟ್ಟುತ್ತಿತ್ತು. ದೊಡ್ಡ ಶಾಲೆಗಳ ತರುಣ ದೇಹಗಳ ನಡುವೆ ನಿಲ್ಲಲು ನಾಚುತ್ತಿದ್ದ ಮಧ್ಯವಯಸ್ಸಿನ, ಸ್ಥೂಲದೇಹದ, ಹಳ್ಳಿಗಾಡಿನ ಹೆಂಗಸರು ಅಲ್ಲಿಗೆ ನಿಸ್ಸಂಕೋಚವಾಗಿ ಹೋದರು. ಯಾವ ಉಸ್ತಾದನು ಅವರ ಬಳಿಗೆ ಬಂದಿದ್ದನು? ಶಾಖೋಪಶಾಖೆಯಾಗಿ ಹರಡುವ ಈ ವ್ಯಾಪಾರದ ಹಂಬಲವೇ ಅವರ ಬೀದಿಯವರೆಗೆ ಬಾಗಿಲನ್ನು ತಂದಿತು.

ಲೆಕ್ಕಿಗರು: ಅದು ನಿಜ. ಆದರೆ ಅಷ್ಟೇ ವೇಗದಲ್ಲಿ ಅದು ಇಳಿದುಹೋಯಿತೆಂಬುದೂ ನಿಜ. ಅಲ್ಪ ಬಂಡವಾಳದಿಂದ ಒಂದು ಶಾಖೆಯನ್ನು ತೆರೆಯಬಹುದೆಂದು ಆಸೆಪಟ್ಟು, ಒಂದೇ ಊರಿನಲ್ಲಿ ಎರಡು ಮೂರು ಶಾಖೆಗಳಾಗಿ, ಅಮೆರಿಕಾದಲ್ಲಿಯೇ ಸಾವಿರಾರು ಮುಚ್ಚಿದವು.

ಅಧ್ಯಾಪಿಕೆ: ಮುಚ್ಚಿದುದಕ್ಕೆ ದುಃಖಪಡೋಣ. ತೆರೆದುದು ತಪ್ಪೆಂದು ಮಾತ್ರ ಹೇಳದಿರೋಣ.

ಹಿರಿಯರು: ಆಕೆಯ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತಾವು ಮೊದಲಿಗೆ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಕುಳಿತಿದೆ. ಬಾರದವರಿಂದ ಬಲವೆಂದಿರಿ. ಅದು ಹೇಗೆ?

ಲೆಕ್ಕಿಗರು: ಅದಕ್ಕೆ ಪ್ರಮಾಣವಿದೆ. ಸ್ಟೆಫಾನೊ ಡೆಲ್ಲಾವಿನ್ಯ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಮೂರು ಅಮೆರಿಕನ್ ವ್ಯಾಯಾಮಶಾಲೆಗಳ 7,752 ಸದಸ್ಯರ ಹಾಜರಿಯನ್ನು ಮೂರು ವರ್ಷಗಳ ಅವಧಿಗೆ ಪರಿಶೀಲಿಸಿ 2006ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಶುಲ್ಕದ ಒಪ್ಪಂದವನ್ನು ಮಾಡಿಕೊಂಡವರು ತಿಂಗಳಿಗೆ ಸರಾಸರಿ 4.3 ಸಲ ಮಾತ್ರ ಬರುತ್ತಿದ್ದರು. ಎಂದರೆ ಒಂದೊಂದು ಭೇಟಿಗೆ 17 ಡಾಲರಿಗೂ ಹೆಚ್ಚು ತೆತ್ತಂತಾಯಿತು. ಅದೇ ಶಾಲೆಯಲ್ಲಿ ಹತ್ತು ಭೇಟಿಗಳ ಚೀಟಿಯನ್ನು ಕೊಂಡಿದ್ದರೆ ಭೇಟಿಯೊಂದಕ್ಕೆ 10 ಡಾಲರು ಸಾಕಾಗುತ್ತಿತ್ತು. ಇದಕ್ಕಿಂತಲೂ ಮನಸ್ಸನ್ನು ಕಲಕುವ ಅಂಶವೊಂದಿದೆ. ಬರುವುದನ್ನು ಸಂಪೂರ್ಣವಾಗಿ ನಿಲ್ಲಿಸಿದ ಮೇಲೂ ಸದಸ್ಯತ್ವವನ್ನು ರದ್ದುಮಾಡುವುದಕ್ಕೆ ಅವರು ಸರಾಸರಿ ಎರಡು ತಿಂಗಳಿಗೂ ಮೀರಿ ತಡಮಾಡುತ್ತಿದ್ದರು. ನಾಳೆ ಹೋಗುತ್ತೇನೆ, ಮುಂದಿನ ವಾರದಿಂದ ಹೋಗುತ್ತೇನೆ ಎಂಬ ನಂಬಿಕೆಯು ತಿಂಗಳು ತಿಂಗಳೂ ಹಣವನ್ನು ಕಟ್ಟಿಸುತ್ತದೆ. ಆ ಸಂಸ್ಥೆಗಳು ಮಾರುತ್ತಿರುವುದು ವ್ಯಾಯಾಮವನ್ನಲ್ಲ, ಮನುಷ್ಯನ ಸತ್ಸಂಕಲ್ಪವನ್ನು. ಅದನ್ನು ಅವನಿಂದಲೇ ಪಡೆದು ಅವನಿಗೇ ಮಾರುತ್ತವೆ.

ಹಿರಿಯರು: ಸಂಕಲ್ಪವು ದುರ್ಬಲವಾಗುವುದು ಮನುಷ್ಯಸಹಜ. ಗರಡಿಯಲ್ಲಿಯೂ ಹುಡುಗರು ಮೂರು ದಿನ ಬಾರದೆ ಉಳಿಯುತ್ತಿದ್ದರು. ನಾಲ್ಕನೆಯ ದಿನ ಉಸ್ತಾದರು ಮನೆಯ ಬಾಗಿಲಿಗೆ ಆಳನ್ನು ಕಳುಹಿಸುತ್ತಿದ್ದರು. ಜ್ವರವೆ, ಸೋಮಾರಿತನವೆ ಎಂದು ವಿಚಾರಿಸುತ್ತಿದ್ದರು. ಬಾರದವನು ಅವರಿಗೆ ನಷ್ಟವಾಗಿದ್ದನು. ಶಿಷ್ಯನು ದಸರೆಯ ಮಟ್ಟಿಯಲ್ಲಿ ಸೋತರೆ ಸೋತದ್ದು ಗರಡಿಯ ಹೆಸರು.

ಲೆಕ್ಕಿಗರು: ಇಲ್ಲಿ ಬಾರದವನು ಲಾಭ. ಯಂತ್ರವನ್ನು ಸವೆಸುವುದಿಲ್ಲ, ಬಿಸಿನೀರನ್ನು ಖರ್ಚುಮಾಡುವುದಿಲ್ಲ, ಸಂಜೆಯ ಹೊತ್ತಿನ ನೂಕುನುಗ್ಗಲನ್ನು ಹೆಚ್ಚಿಸುವುದಿಲ್ಲ. ಪ್ಲ್ಯಾನೆಟ್ ಫಿಟ್‌ನೆಸ್ ಎಂಬ ಸಂಸ್ಥೆಯ ಮಾತನ್ನು ಕೇಳಿ. 1992ರಲ್ಲಿ ನ್ಯೂ ಹ್ಯಾಂಪ್‌ಷೈರಿನ ಡೋವರ್ ಎಂಬ ಪಟ್ಟಣದಲ್ಲಿ ಹುಟ್ಟಿ, 2015ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿ, 2019ರ ಕೊನೆಗೆ 2,000 ಶಾಖೆಗಳನ್ನೂ 1.44 ಕೋಟಿ ಸದಸ್ಯರನ್ನೂ ಪಡೆಯಿತು. ಆಗ ಅದರ ಕನಿಷ್ಠ ಶುಲ್ಕವು ತಿಂಗಳಿಗೆ 10 ಡಾಲರು ಮಾತ್ರವಾಗಿತ್ತು. ಭಾಗಿಸಿ ನೋಡಿದರೆ ಶಾಖೆಯೊಂದಕ್ಕೆ ಏಳು ಸಾವಿರಕ್ಕೂ ಹೆಚ್ಚು ಸದಸ್ಯರಾಗುತ್ತಾರೆ. ಯಾವ ಶಾಖೆಯ ಚಾವಣಿಯ ಕೆಳಗೂ ಒಂದೇ ಹೊತ್ತಿಗೆ ಕೆಲವು ನೂರು ಜನರಿಗಿಂತ ಹೆಚ್ಚು ಮಂದಿ ನಿಲ್ಲಲಾರರು. ಅಷ್ಟು ಸದಸ್ಯರೂ ವಾರಕ್ಕೆ ಮೂರು ಸಂಜೆ ಬರುತ್ತೇವೆಂದು ನಿಶ್ಚಯಿಸಿದರೆ ಆ ಸಂಸ್ಥೆಯು ಒಂದು ತಿಂಗಳು ಕೂಡ ನಡೆಯಲಾರದು.

ಅಧ್ಯಾಪಿಕೆ: ಆದರೆ ಆ 10 ಡಾಲರು ಶುಲ್ಕವೂ ಬಾರದವರ ದೆಸೆಯಿಂದಲೇ ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಹೋಟೆಲಿನಲ್ಲಿ ನೆಲವೊರಸುವ ಹೆಂಗಸೊಬ್ಬಳು ಕೆಲಸ ಮುಗಿಸಿ ರಾತ್ರಿ ಹತ್ತು ಗಂಟೆಗೆ ಅಲ್ಲಿಗೆ ಹೋಗಿ ಅರ್ಧ ಗಂಟೆ ನಡಿಗೆಯ ಯಂತ್ರದ ಮೇಲೆ ನಡೆದು, ಬಿಸಿನೀರಿನ ಸ್ನಾನ ಮಾಡಿ ಮನೆಗೆ ಹೋಗಬಹುದಾದರೆ, ಅವಳ ವೆಚ್ಚದ ಬಹುಭಾಗವನ್ನು ಸೋಮಾರಿಗಳು ಭರಿಸಿದಂತಾಯಿತು. ಬರುವವಳಿಗೆ ಬಾರದವರು ದಾನಿಗಳು.

ಲೆಕ್ಕಿಗರು: ದಾನಿಗಳು ಯಾರೆಂಬುದನ್ನು ನೋಡಬೇಕು, ತಾಯಿ. ಬಾರದವರೆಲ್ಲ ಸೋಮಾರಿಗಳಲ್ಲ. ಎರಡು ಕಡೆ ದುಡಿಯುವವರು, ಮಕ್ಕಳನ್ನು ಬಿಟ್ಟು ಹೊರಡಲಾಗದವರು, ಮಂಡಿಯ ನೋವಿನವರು, ಒಂದೆರಡು ದಿನ ಹೋಗಿ ಯಾವ ಯಂತ್ರವನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಕೇಳುವವರಿಲ್ಲದೆ ಹಿಂತಿರುಗಿದವರು, ಇವರೇ ಬಹುಮಂದಿ. ವ್ಯಾಯಾಮವು ಯಾರಿಗೆ ಅತ್ಯಂತ ಅವಶ್ಯವೋ ಅವರು ಬಿಟ್ಟುಹೋಗುತ್ತಾರೆ. ಯಾರಿಗೆ ಮೊದಲೇ ಅಭ್ಯಾಸವಿದೆಯೋ ಅವರು ಉಳಿಯುತ್ತಾರೆ. ಅಶಕ್ತರ ಹಣದಿಂದ ಶಕ್ತರಿಗೆ ಅನುಕೂಲವಾಗುವ ವ್ಯವಸ್ಥೆಯನ್ನು ಆರೋಗ್ಯದ ಹೆಸರಿನಲ್ಲಿ ನಡೆಸುವುದು ನನಗೆ ಸಹ್ಯವಾಗುವುದಿಲ್ಲ. ಅದರ ಮೇಲೆ ಬಿಡುಗಡೆಯೂ ಸುಲಭವಲ್ಲ. ಸೇರುವುದಕ್ಕೆ ಬೆರಳಿನ ಒಂದು ಒತ್ತು ಸಾಕು. ಬಿಡುವುದಕ್ಕೆ ನೋಂದಾಯಿತ ಪತ್ರ ಬರೆಯಬೇಕು, ಇಲ್ಲವೆ ಖುದ್ದಾಗಿ ಹೋಗಿ ನಿಲ್ಲಬೇಕು ಎಂಬ ನಿಯಮಗಳು ಬಹುಕಡೆ ರೂಢಿಯಲ್ಲಿದ್ದವು. ಸೇರುವಷ್ಟೇ ಸುಲಭವಾಗಿ ಬಿಡುವುದೂ ಸಾಧ್ಯವಾಗಬೇಕೆಂದು ಅಮೆರಿಕಾದ ವಾಣಿಜ್ಯ ಆಯೋಗವು 2024ರ ಅಕ್ಟೋಬರಿನಲ್ಲಿ ಒಂದು ನಿಯಮವನ್ನು ಮಾಡಿತು; 2025ರ ಜುಲೈ ತಿಂಗಳಲ್ಲಿ ನ್ಯಾಯಾಲಯವು, ನಿಯಮವನ್ನು ರಚಿಸಿದ ಕ್ರಮವು ವಿಧಿಬದ್ಧವಾಗಿರಲಿಲ್ಲವೆಂದು ಅದನ್ನು ತಳ್ಳಿಹಾಕಿತು.

ಅಧ್ಯಾಪಿಕೆ: ಎರಡು ದಿನ ಹೋಗಿ ಕೇಳುವವರಿಲ್ಲದೆ ಹಿಂತಿರುಗಿದವರೆಂದಿರಿ. ಆ ಮಾತು ನನ್ನನ್ನು ಮುಟ್ಟಿತು. ಶಾಲೆಯಲ್ಲಿ ಒಂದು ಮಗುವು ಒಂದು ವಾರ ಬಾರದಿದ್ದರೆ ನಾನು ಸುಮ್ಮನಿರಲಾರೆ.

ಹಿರಿಯರು: 2020ರ ಸಾಂಕ್ರಾಮಿಕದ ಕಾಲದಲ್ಲಿ ಈ ಸಂಸ್ಥೆಗಳ ಗತಿ ಏನಾಯಿತು? ಆಗ ಎಲ್ಲರೂ ಬಾರದವರೇ ಆದರಲ್ಲವೆ?

ಲೆಕ್ಕಿಗರು: ಹೌದು, ಆದರೆ ಅಂದು ಬಾಗಿಲನ್ನು ಮುಚ್ಚಿದವರು ಸಂಸ್ಥೆಯವರೇ ಆದುದರಿಂದ ಶುಲ್ಕವನ್ನು ಕೇಳುವಂತಿರಲಿಲ್ಲ. ಬಾಡಿಗೆಯೂ ಸಾಲದ ಬಡ್ಡಿಯೂ ನಿಲ್ಲಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಗೋಲ್ಡ್ಸ್ ಜಿಮ್, ಜೂನಿನಲ್ಲಿ 24 ಅವರ್ ಫಿಟ್‌ನೆಸ್, ಸೆಪ್ಟೆಂಬರಿನಲ್ಲಿ ಟೌನ್ ಸ್ಪೋರ್ಟ್ಸ್ ದಿವಾಳಿಯ ರಕ್ಷಣೆಯನ್ನು ಬೇಡಿದವು. ಎರಡನೆಯದು ಒಂದೇ ಏಟಿಗೆ 130ಕ್ಕೂ ಹೆಚ್ಚು ಶಾಖೆಗಳನ್ನು ಮುಚ್ಚಿತು. ಸಾಲದ ಮೇಲೆ ಬೆಳೆದುದು ಬೇಗ ಬೀಳುತ್ತದೆಂಬುದು ಟ್ಯಾನಿಯ ಕಾಲದಲ್ಲೂ ಕಂಡಿದ್ದ ಸಂಗತಿ.

ಹಿರಿಯರು: ಹಾಗಾದರೆ ಬಂದವನಿಂದಲೇ ಲಾಭ ಬರುವಂಥ ಏರ್ಪಾಡು ಎಲ್ಲಿಯೂ ಇಲ್ಲವೆ?

ಲೆಕ್ಕಿಗರು: ಒಂದಿದೆ, ನಾನು ಕಂಡವುಗಳಲ್ಲಿ ಅದೇ ಅತ್ಯಂತ ವಿವೇಕಯುತವಾದದ್ದು. ಸಿಲ್ವರ್ ಸ್ನೀಕರ್ಸ್ ಎಂಬುದು ಅದರ ಹೆಸರು. 1992ರಲ್ಲಿ ಆರಿಜೋನಾ ಪ್ರಾಂತದಲ್ಲಿ ಮೇರಿ ಸ್ವಾನ್ಸನ್ ಎಂಬಾಕೆ ವೃದ್ಧರಿಗಾಗಿ ಇದನ್ನು ಪ್ರಾರಂಭಿಸಿದಳು. 65 ವರ್ಷ ದಾಟಿದವರ ಆರೋಗ್ಯವಿಮೆಯನ್ನು ನಡೆಸುವ ಕಂಪೆನಿಗಳು ಹಣವನ್ನು ಕೊಡುತ್ತವೆ. ವೃದ್ಧರು ತಮ್ಮೂರಿನ ಯಾವುದಾದರೂ ಒಪ್ಪಿತ ವ್ಯಾಯಾಮಶಾಲೆಗೆ ಕೈಯಿಂದ ಏನನ್ನೂ ತೆರದೆ ಹೋಗುತ್ತಾರೆ. ಶಾಲೆಗೆ ಹಣ ಸಲ್ಲುವುದು ಅವರು ಬಂದ ಭೇಟಿಗಳ ಲೆಕ್ಕದಲ್ಲಿ. ಮುದುಕಿಯೊಬ್ಬಳು ಈ ತಿಂಗಳು ಎಂಟು ಸಲ ಬಂದರೆ ಎಂಟು ಭೇಟಿಗಳ ಹಣ, ಬಾರದಿದ್ದರೆ ಇಲ್ಲ. ಈ ಒಂದು ಬದಲಾವಣೆಯಿಂದ ಇಡೀ ಮನೆಯ ಮುಖವೇ ಬೇರೆ ದಿಕ್ಕಿಗೆ ತಿರುಗುತ್ತದೆ. ಹಗಲಿನ ಹತ್ತು ಗಂಟೆಗೆ, ದುಡಿಯುವವರೆಲ್ಲ ಹೊರಟುಹೋಗಿ ಶಾಲೆಯು ಬರಿದಾಗಿರುವ ವೇಳೆಯಲ್ಲಿ, ಕುರ್ಚಿಗಳನ್ನು ಸಾಲಾಗಿಟ್ಟು, ಕುಳಿತೇ ಮಾಡಬಹುದಾದ ಅಂಗಸಾಧನೆಯನ್ನು ಕಲಿಸಲು ಒಬ್ಬ ಶಿಕ್ಷಕಿಯನ್ನು ನಿಲ್ಲಿಸುತ್ತಾರೆ. ಅದು ಮುಗಿದ ಮೇಲೆ ಮಾತಿಗೆ ಕುಳಿತುಕೊಳ್ಳಲು ಕಾಫಿಯನ್ನೂ ಇಡುವ ಶಾಲೆಗಳಿವೆ. ಬಾರದವಳು ಏಕೆ ಬರಲಿಲ್ಲವೆಂದು ವಿಚಾರಿಸುವುದಕ್ಕೆ ಶಾಲೆಗೂ ಈಗ ಒಂದು ಕಾರಣ ಸಿಕ್ಕಿತು.

ಅಧ್ಯಾಪಿಕೆ: ಆ ಕುರ್ಚಿಯು ಲಲೇನನ ಅಡುಗೆಮನೆಯಿಂದ ಬಂದದ್ದಲ್ಲವೆ?

ಲೆಕ್ಕಿಗರು: ಆಗಿರಬಹುದು. ಅಂತೂ ಯಂತ್ರದ ಬದಲು ಶಿಕ್ಷಕಿಯು ಮರಳಿ ಬಂದಳು. ಆದರೆ ಇದನ್ನು ಎಲ್ಲ ವಯಸ್ಸಿನವರಿಗೂ ವಿಸ್ತರಿಸಬಹುದೆಂದು ಹೇಳಲು ನನಗೆ ಧೈರ್ಯ ಸಾಲದು. ವೃದ್ಧೆಯು ಜಾರಿಬಿದ್ದು ಸೊಂಟದ ಮೂಳೆ ಮುರಿದರೆ ಆಸ್ಪತ್ರೆಯ ವೆಚ್ಚವು ಈ ವರ್ಷವೇ ವಿಮೆಯವರ ಮೇಲೆ ಬೀಳುತ್ತದೆ. ಆದುದರಿಂದ ಅವಳ ಕಾಲಿನ ಬಲಕ್ಕೆ ಹಣ ಕೊಡುವುದರಲ್ಲಿ ಅವರಿಗೆ ಲಾಭವಿದೆ. ಮೂವತ್ತು ವರ್ಷದ ತರುಣನು ಇಂದು ವ್ಯಾಯಾಮವನ್ನು ಬಿಟ್ಟರೆ ಅದರ ಫಲವು ಕಾಣಿಸಿಕೊಳ್ಳುವುದು ಇನ್ನು ಮೂವತ್ತು ವರ್ಷಗಳ ತರುವಾಯ. ಅಷ್ಟರಲ್ಲಿ ಆತನು ಕೆಲಸವನ್ನು ಬದಲಾಯಿಸುತ್ತ, ವಿಮೆಯ ಕಂಪೆನಿಗಳನ್ನು ಎಷ್ಟೋ ಸಲ ಬದಲಾಯಿಸಿರುತ್ತಾನೆ. ಇನ್ನೊಬ್ಬರ ಪಾಲಿಗೆ ಹೋಗುವ ಲಾಭಕ್ಕೆ ಯಾರು ಬಂಡವಾಳ ಹೂಡುತ್ತಾರೆ?

ಹಿರಿಯರು: ನಮ್ಮಲ್ಲಿಯೂ ಇಂಥ ಸಂಸ್ಥೆಗಳು ಬೆಳೆಯುತ್ತಿವೆಯಲ್ಲವೆ?

ಲೆಕ್ಕಿಗರು: 1932ರಲ್ಲಿ ಮುಂಬಯಿಯಲ್ಲಿ ಆರಂಭವಾದ ತಲ್ವಲ್ಕರ್ ಮನೆತನದ ವ್ಯಾಯಾಮಶಾಲೆಯು 2010ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು, ಒಂದು ದಶಕ ತುಂಬುವ ಮೊದಲೇ ಸಾಲದ ಹೊರೆಯಲ್ಲಿ ಸಿಲುಕಿತು. 2016ರಲ್ಲಿ ಬೆಂಗಳೂರಿನಲ್ಲಿಯೇ ಮುಕೇಶ್ ಬನ್ಸಲ್ ಮತ್ತು ಅಂಕಿತ್ ನಾಗೋರಿ ಎಂಬ ಇಬ್ಬರು ಆರಂಭಿಸಿದ ಕಲ್ಟ್ ಎಂಬ ಸಂಸ್ಥೆಯು ದೇಶದ ಹಲವು ನಗರಗಳಿಗೆ ಹಬ್ಬಿದೆ. ಒಬ್ಬ ಶಿಕ್ಷಕನ ಎದುರು ಗುಂಪಾಗಿ ಸಾಧನೆ ಮಾಡುವ ತರಗತಿಗಳಿಂದ ಅದು ಹೆಸರು ಮಾಡಿತೆಂಬುದು ನನಗೆ ಸಮಾಧಾನದ ವಿಷಯ. ಗುಂಪಿನಲ್ಲಿ ಶಿಕ್ಷಕನ ಕಣ್ಣಿಗೆ ಸದಸ್ಯನ ಮುಖವು ಬೀಳುತ್ತದೆ.

ಅಧ್ಯಾಪಿಕೆ: ತರುಣರ ವಿಷಯದಲ್ಲಿ ತಾವು ಕೈಚೆಲ್ಲುವುದನ್ನು ನಾನು ಒಪ್ಪಲಾರೆ. ವಿಮೆಯ ಕಂಪೆನಿಗಳು ಬದಲಾಗಬಹುದು, ಊರು ಬದಲಾಗುವುದಿಲ್ಲ. ಮೂವತ್ತು ವರ್ಷಗಳ ತರುವಾಯ ಆ ತರುಣನು ಪಾರ್ಶ್ವವಾಯುವಿನಿಂದ ಬಿದ್ದಾಗ ಅವನನ್ನು ಹೊತ್ತೊಯ್ಯುವುದು ಬಹುಮಟ್ಟಿಗೆ ಸರ್ಕಾರಿ ಆಸ್ಪತ್ರೆಗೇ. ಅಷ್ಟು ದೀರ್ಘಕಾಲದ ಲಾಭನಷ್ಟವನ್ನು ನೋಡಬಲ್ಲದ್ದು ಸಾರ್ವಜನಿಕ ಸಂಸ್ಥೆಯೊಂದೇ. ಬೆಂಗಳೂರಿನ ಎಷ್ಟೋ ಉದ್ಯಾನಗಳಲ್ಲಿ ಬಯಲಿನಲ್ಲಿಯೇ ವ್ಯಾಯಾಮದ ಸಾಧನಗಳನ್ನು ನೆಟ್ಟಿದ್ದಾರೆ. ಅಲ್ಲಿ ಸದಸ್ಯರ ಪಟ್ಟಿಯಿಲ್ಲ, ಒಪ್ಪಂದವಿಲ್ಲ, ಬಾರದವರಿಂದ ಯಾರಿಗೂ ಲಾಭವಿಲ್ಲ. ಸೀರೆಯುಟ್ಟು ಕಾಲಿಗೆ ಬೂಟು ಹಾಕಿಕೊಂಡ ಹೆಂಗಸರು ಬೆಳಗಿನ ಹೊತ್ತು ಅವುಗಳ ಮೇಲೆ ನಿಂತು ಕಾಲಾಡಿಸುವುದನ್ನು ನಾನು ನಿತ್ಯ ಕಾಣುತ್ತೇನೆ.

ಹಿರಿಯರು: ನಾನೂ ಕಂಡಿದ್ದೇನೆ, ಮತ್ತು ಕಂಡು ಸಂಕಟಪಟ್ಟಿದ್ದೇನೆ. ಸೊಂಟವನ್ನು ತಿರುಗಿಸುವ ಆ ತಟ್ಟೆಯ ಮೇಲೆ ಎಪ್ಪತ್ತರ ಮುದುಕರು ಎಷ್ಟು ರಭಸದಿಂದ ತಿರುಗುತ್ತಾರೆ! ಬೇಡವೆಂದು ಹೇಳುವವರು ಯಾರೂ ಇಲ್ಲ. ಸಾಧನವನ್ನು ನೆಡುವುದಕ್ಕೆ ಹಣವನ್ನು ಒದಗಿಸಿದರು, ಕಲಿಸುವವನಿಗೆ ಒದಗಿಸಲಿಲ್ಲ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಉದ್ಯಾನಕ್ಕೊಬ್ಬ ಶಿಕ್ಷಕನಿದ್ದರೆ, ಅದರಲ್ಲಿಯೂ ಹೆಂಗಸರ ವೇಳೆಗೆ ಶಿಕ್ಷಕಿಯೇ ಇದ್ದರೆ, ಸಾಕು. ದೈಹಿಕ ಶಿಕ್ಷಣದ ಪದವಿಯನ್ನು ಪಡೆದು ಕೆಲಸವಿಲ್ಲದೆ ಕುಳಿತ ತರುಣರು ನನ್ನ ಬೀದಿಯಲ್ಲಿಯೇ ಇದ್ದಾರೆ.

ಲೆಕ್ಕಿಗರು: ಸಂಬಳವನ್ನು ಯಾರು ಕೊಡುವರು, ಎಷ್ಟು ಕೊಡುವರು ಎಂಬ ಪ್ರಶ್ನೆ ಬರುತ್ತದೆ.

ಹಿರಿಯರು: ಆ ಪ್ರಶ್ನೆಗೆ ಉತ್ತರವನ್ನು ಬರೆಯತಕ್ಕವರು ತಾವೇ. ನಮ್ಮ ಬಡಾವಣೆಯ ಮೂರು ಉದ್ಯಾನಗಳಿಗೆ ವರ್ಷಕ್ಕೆ ಎಷ್ಟು ಹಣ ಬೇಕೆಂಬುದನ್ನು ಲೆಕ್ಕಹಾಕಿ ಕೊಡಿ. ನಾನು ಪಾಲಿಕೆಯ ಕಚೇರಿಗೆ ತೆಗೆದುಕೊಂಡು ಹೋಗುತ್ತೇನೆ.

ಅಧ್ಯಾಪಿಕೆ: ಆ ಲೆಕ್ಕದಲ್ಲಿ ಹಾಜರಿಪುಸ್ತಕವೊಂದರ ಬೆಲೆಯನ್ನೂ ಸೇರಿಸಿರಿ. ಬಂದವರ ಹೆಸರನ್ನು ಬರೆದುಕೊಳ್ಳುವ ಕೆಲಸವನ್ನು ಮೊದಲ ತಿಂಗಳು ನಾನು ಮಾಡುತ್ತೇನೆ.